ನೀರಿನಲ್ಲಿದ್ದ ಕುದುರೆಯ ವ್ಯಾಪಾರ

ಎಮ್ಮೆ ನೀರಿನಲ್ಲಿರುವಾಗ ಅದಕ್ಕೆ ಬೆಲೆ ಕಟ್ಟಬಾರದೆಂಬುದು ನಮ್ಮ ಹಿರಿಯರ ಮಾತು. ಕೆರೆಯಲ್ಲಿ ಮುಳುಗಿ ಮಲಗಿದ ಎಮ್ಮೆಯ ಕೊಂಬು, ಮೂಗು ಕಾಣುತ್ತವೆಯೇ ಹೊರತು ಕಾಲು ಕುಂಟೋ ನೆಟ್ಟಗಿದೆಯೋ, ಗಬ್ಬವೋ ಗೊಡ್ಡೋ ಎಂಬುದೊಂದೂ ತಿಳಿಯುವುದಿಲ್ಲ. ದಡಕ್ಕೆ ಬಂದ ಮೇಲೆ ಮಾತು ಎಂದು ಬಲ್ಲವರು ಸುಮ್ಮನಿರುತ್ತಾರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ತೆಂಗಿನ ಸೀಮೆಯ ರೈತನು ಈ ಮಾತನ್ನು ಚೆನ್ನಾಗಿ ಬಲ್ಲವನು. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಅವನು ಹಳ್ಳೀಕಾರ್ ಕರುಗಳನ್ನು ಕೊಳ್ಳುವ ಕ್ರಮವನ್ನು ನೋಡಿದವರಿಗೆ ಅದರ ಗಾಂಭೀರ್ಯ ಗೊತ್ತು. ಬಾಯಿ ತೆರೆಸಿ ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ ಎಂದು ಎಣಿಸುವನು. ಮೈಮೇಲಿನ ಸುಳಿಗಳನ್ನು ಒಂದೊಂದಾಗಿ ಹುಡುಕುವನು. ನಡೆಸಿ ನೋಡುವನು, ಗೊರಸನ್ನು ಎತ್ತಿ ನೋಡುವನು. ಇಷ್ಟೆಲ್ಲ ಆದ ಮೇಲೆ ದಲ್ಲಾಳಿಯ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಕಣ್ಣಾರೆ ಕಾಣದೆ, ಕೈಯಾರೆ ಮುಟ್ಟದೆ ಅವನು ಹಗ್ಗ ಹಿಡಿಯುವವನಲ್ಲ.

ಹಾಗಾದರೆ ನಮ್ಮ ನಾಡಿನ ದೊರೆಗಳು? ಕನ್ನಡ ನಾಡನ್ನಾಳಿದ ಅರಸರು ಶತಮಾನಗಳ ಕಾಲ ಅಪಾರ ಹೊನ್ನು ಸುರಿದು ಕೊಂಡ ಪ್ರಾಣಿಯೆಂದರೆ ಕುದುರೆ. ಆ ಕುದುರೆಯನ್ನು ಸಾಕಿದವರು ಸಾವಿರಾರು ಮೈಲಿ ದೂರದಲ್ಲಿ, ಅರಬ್ಬಿ ಸಮುದ್ರದ ಆಚೆಯಲ್ಲಿದ್ದರು. ಅರಸನು ಅದನ್ನು ಬೇಡುವಾಗ ಅದು ಅರೇಬಿಯಾದ ಲಾಯದಲ್ಲಿರುತ್ತಿತ್ತು, ಇಲ್ಲವೇ ಹಡಗಿನಲ್ಲಿ ಅಕ್ಷರಶಃ ನೀರಿನ ಮೇಲೆ ತೇಲುತ್ತಿರುತ್ತಿತ್ತು. ದೂರದಿಂದ ಕುದುರೆ ಕೊಳ್ಳುವವನಿಗೂ ಜಗ್ಗದ ಮಾರಾಟಗಾರನಿಗೂ ನಡೆದ ಈ ಹಗ್ಗಜಗ್ಗಾಟದ ಇತಿಹಾಸವನ್ನು ಇಂದು ತಮ್ಮ ಮುಂದಿಡಬೇಕೆಂದು ಅನಿಸಿತು. ಈ ವ್ಯಾಪಾರದಲ್ಲಿ ನಷ್ಟ ಯಾರ ತಲೆಗೆ ಬಿತ್ತೆಂಬ ಲೆಕ್ಕವನ್ನು ನಾವು ಪಠ್ಯಪುಸ್ತಕಗಳಲ್ಲಿ ಓದುವುದು ಕಡಿಮೆ.

ಮೊದಲಿಗೆ, ಇಷ್ಟು ದೂರದಿಂದ ಕುದುರೆ ತರಿಸುವ ಅಗತ್ಯವಾದರೂ ಏನಿತ್ತು? ನಮ್ಮಲ್ಲಿ ಕುದುರೆಗಳೇ ಇರಲಿಲ್ಲವೆಂದಲ್ಲ. ನಾಡಕುದುರೆಗಳಿದ್ದವು. ಅವು ಗಿಡ್ಡಜಾತಿಯವು, ಹೇರು ಹೊರಲು ಸಾಕು, ಕವಚ ತೊಟ್ಟ ಸವಾರನನ್ನು ಹೊತ್ತು ರಣರಂಗದಲ್ಲಿ ಓಡಲು ಸಾಲವು. ಹುರುಳಿಯನ್ನು ನಮ್ಮ ಕೆಂಪು ನೆಲ ಧಾರಾಳವಾಗಿ ಬೆಳೆಯುತ್ತದೆ. ಅದಕ್ಕೆ ಇಂಗ್ಲಿಷರು ಕುದುರೆ ಕಾಳೆಂದೇ ಹೆಸರಿಟ್ಟರು. ಆದರೆ ಕುದುರೆಯ ತಳಿಯನ್ನು ಬೆಳೆಸಲು ಹುರುಳಿಯೊಂದೇ ಸಾಲದು. ವಿಶಾಲವಾದ ಹುಲ್ಲುಗಾವಲು, ಒಣ ಹವೆ, ತಲೆಮಾರುಗಳಿಂದ ಬಂದ ಸಾಕಣೆಯ ಅರಿವು ಎಲ್ಲವೂ ಕೂಡಿಬರಬೇಕು. 13ನೇ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತವನ್ನು ಕಂಡ ಮಾರ್ಕೊ ಪೋಲೊ, ಇಲ್ಲಿ ಉತ್ತಮ ಗಂಡಿಗೂ ಉತ್ತಮ ಹೆಣ್ಣಿಗೂ ಹುಟ್ಟಿದ ಮರಿಯೂ ಸೊಟ್ಟಗಾಲಿನ ಕೃಶ ಪ್ರಾಣಿಯಾಗುತ್ತದೆಂದು ಬರೆದಿದ್ದಾನೆ. ಪ್ರವಾಸಿಯ ಮಾತಿನಲ್ಲಿ ಉತ್ಪ್ರೇಕ್ಷೆಯಿದ್ದರೂ ತಿರುಳು ಸುಳ್ಳಲ್ಲ.

ಕುದುರೆಯ ಬಗ್ಗೆ ನಮ್ಮವರು ತಿಳಿಯದವರೇನೂ ಆಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ದೇಶ, ಲಕ್ಷಣಗಳ ವಿವರಣೆಯಿದೆ. ಕುದುರೆಯ ಮೇಲೆ ಕುಳಿತು ಚೆಂಡಾಡುವ ವಿನೋದದ ವರ್ಣನೆಯೂ ಇದೆ. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರನು ಕನ್ನಡದಲ್ಲೇ 'ಅಶ್ವವೈದ್ಯ'ವನ್ನು ಬರೆದನು. ನಮ್ಮ ತಿಪಟೂರಿನ ನೆರೆಯ ಅರಸೀಕೆರೆಯ ಹೊಯ್ಸಳ ಶಾಸನಗಳಲ್ಲಿ, ಕುದುರೆ, ಆನೆ, ಮುತ್ತುಗಳನ್ನು ಹಡಗಿನಲ್ಲಿ ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಯ ಹೊಗಳಿಕೆಯಿದೆ. ಇಂದು ನಾವು ರೈಲಿಗಾಗಿ ಕಾಯುತ್ತ ನಿಲ್ಲುವ ಆ ಊರಿನ ವರ್ತಕನೊಬ್ಬನ ಕೈ ಕಡಲಿನವರೆಗೂ ಚಾಚಿತ್ತೆಂಬುದು ಅಭಿಮಾನದ ವಿಷಯ. ಹೀಗೆ ಕೊಳ್ಳುವವರಲ್ಲಿ ವಿದ್ಯೆಯೂ ಇತ್ತು, ಹಣವೂ ಇತ್ತು. ಕೊರತೆಯಿದ್ದದ್ದು ಕುದುರೆ ಹುಟ್ಟುವ ನೆಲದ ಮೇಲಿನ ಹಿಡಿತ.

ಮಾರುವವನ ಚಾತುರ್ಯವೆಲ್ಲ ಇಲ್ಲಿಂದ ಆರಂಭವಾಗುತ್ತದೆ. ನೆರೆಯ ಪಾಂಡ್ಯ ದೇಶದ ಸಂಗತಿಯನ್ನು ಮಾರ್ಕೊ ಪೋಲೊ ಹೇಳುತ್ತಾನೆ. ಅಲ್ಲಿಯ ಒಬ್ಬ ಅರಸ ವರ್ಷಕ್ಕೆ 2000ಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಿದ್ದನಂತೆ, ಅವನ ಸೋದರರೂ ಅಷ್ಟಷ್ಟೇ ಕೊಳ್ಳುತ್ತಿದ್ದರಂತೆ. ವರ್ಷ ಕಳೆಯುವಷ್ಟರಲ್ಲಿ ಅವುಗಳಲ್ಲಿ 100 ಕೂಡ ಉಳಿಯುತ್ತಿರಲಿಲ್ಲ. ಕಾರಣ, ಅವುಗಳಿಗೆ ಅನ್ನ, ಬೇಯಿಸಿದ ಮಾಂಸಗಳನ್ನು ತಿನ್ನಿಸುತ್ತಿದ್ದರು, ಆರೈಕೆ ಬಲ್ಲವರಿರಲಿಲ್ಲ. ಪೋಲೊ ಮುಂದೆ ಹೇಳುವ ಮಾತನ್ನು ಗಮನಿಸಬೇಕು. ಹೊರ್ಮುಜ್, ಕೈಸ್, ಧೋಫಾರ್, ಏಡನ್ ಮುಂತಾದ ರೇವುಗಳ ವರ್ತಕರು ಕುದುರೆಗೆ ಮದ್ದು ಮಾಡುವವರನ್ನು ತಾವೂ ಕರೆತರುತ್ತಿರಲಿಲ್ಲ, ಬೇರೆಯವರು ಹೋಗಲೂ ಬಿಡುತ್ತಿರಲಿಲ್ಲ. ಕುದುರೆಗಳು ಬದುಕಿದರೆ ಮರುವರ್ಷ ವ್ಯಾಪಾರವೆಲ್ಲಿ? ಅವರು ಕುದುರೆಯನ್ನು ಮಾರಿದರು, ಕುದುರೆ ಸಾಕುವ ವಿದ್ಯೆಯನ್ನು ಮಾರಲಿಲ್ಲ.

ಪರ್ಷಿಯದ ಇತಿಹಾಸಕಾರ ವಸ್ಸಾಫನು ಅದೇ ವ್ಯಾಪಾರದ ಕರಾರನ್ನು ದಾಖಲಿಸಿದ್ದಾನೆ. ಕೈಸ್ ದ್ವೀಪದ ಒಡೆಯ ಜಮಾಲುದ್ದೀನನು ಪ್ರತಿವರ್ಷ ತನ್ನ ಲಾಯದ 1400 ಕುದುರೆಗಳನ್ನು ಪಾಂಡ್ಯ ದೇಶಕ್ಕೆ ಕಳುಹಿಸಬೇಕು. ಒಂದೊಂದಕ್ಕೆ 220 ಕೆಂಪು ಹೊನ್ನಿನ ದೀನಾರು. ದಾರಿಯಲ್ಲಿ ಕುದುರೆಗೆ ಪೆಟ್ಟಾದರೂ ಸತ್ತರೂ ಅದರ ಬೆಲೆಯನ್ನು ಅರಸನ ಬೊಕ್ಕಸವೇ ತೆರಬೇಕು. ಇನ್ನೊಂದು ಸಂಗತಿ ಓದಿದಾಗ ನಗು ಬರುತ್ತದೆ, ಹಿಂದೆಯೇ ವಿಷಾದವೂ ಆಗುತ್ತದೆ. ಜಮಾಲುದ್ದೀನನ ಸ್ವಂತ ಸೋದರ ತಖಿಯುದ್ದೀನನು ಪಾಂಡ್ಯ ಅರಸನ ಆಸ್ಥಾನದಲ್ಲಿ ಮಂತ್ರಿಯಾಗಿದ್ದನು! ಮಾರುವವನು ಅಣ್ಣತಮ್ಮಂದಿರಲ್ಲೊಬ್ಬ, ಕೊಳ್ಳುವವನಿಗೆ ಸಲಹೆ ಕೊಡುವವನು ಇನ್ನೊಬ್ಬ. ಒಬ್ಬನೇ ದಲ್ಲಾಳಿ ಟವೆಲ್ಲಿನ ಎರಡೂ ಕಡೆ ಕೈಯಿಟ್ಟಂತೆ.

ಇಷ್ಟಾದರೂ ಮಾರುವವರನ್ನೆಲ್ಲ ವಂಚಕರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರ ಕಷ್ಟವೂ ಸಣ್ಣದಲ್ಲ. 1442ರಲ್ಲಿ ಹೊರ್ಮುಜ್‌ನಿಂದ ಹೊರಟು ಮರುವರ್ಷ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಜಾಕನು ಕುದುರೆ ತುಂಬಿದ ಹಡಗುಗಳ ಜೊತೆಗೇ ಪ್ರಯಾಣ ಮಾಡಿದವನು. ಹಡಗಿನ ದುರ್ವಾಸನೆಗೆ ತಾನು ಮೂರ್ಛೆಹೋದುದನ್ನು ಅವನು ಬರೆದುಕೊಂಡಿದ್ದಾನೆ. ಮನುಷ್ಯನ ಪಾಡೇ ಹೀಗಾದರೆ, ಇಕ್ಕಟ್ಟಿನಲ್ಲಿ ಕಟ್ಟಿಹಾಕಿದ ಮೂಕಪ್ರಾಣಿಯ ಪಾಡನ್ನು ಊಹಿಸಬಹುದು. ಮೇವು, ಸಿಹಿನೀರು ಎಲ್ಲವನ್ನೂ ಹೊತ್ತು ತರಬೇಕು. ಗಾಳಿ ತಪ್ಪಿದರೆ ನೀರು ಮುಗಿಯುತ್ತದೆ. ಬಿರುಗಾಳಿ ಎದ್ದರೆ ಹಡಗೇ ಮುಳುಗುತ್ತದೆ.

ರಷ್ಯಾದ ವರ್ತಕ ಅಫನಾಸಿ ನಿಕಿತಿನನ ಕಥೆ ಇನ್ನೂ ಮನಕರಗಿಸುವಂಥದು. ಅವನ ಬಳಿ ಇದ್ದದ್ದು ಒಂದೇ ಒಂದು ಗಂಡುಕುದುರೆ. 1469ರ ಹೊತ್ತಿಗೆ ಅದನ್ನು ಹೊರ್ಮುಜ್‌ನಿಂದ ಹಡಗಿನಲ್ಲಿ ಚೌಲ್ ರೇವಿಗೆ ತಂದನು. ಜುನ್ನಾರಿನಲ್ಲಿ ಅಲ್ಲಿಯ ಖಾನನು ಕುದುರೆಯನ್ನು ಕಿತ್ತುಕೊಂಡು, ಮತಾಂತರವಾದರೆ ಕುದುರೆಯನ್ನೂ ಮೇಲೆ 1000 ಹೊನ್ನನ್ನೂ ಕೊಡುವೆನೆಂದನು. ಖುರಾಸಾನದ ಸಜ್ಜನನೊಬ್ಬ ನಡುವೆ ಬಂದು ಮಾತಾಡಿದ್ದರಿಂದ ಕುದುರೆ ಮರಳಿ ಸಿಕ್ಕಿತು. ಕೊನೆಗೆ ಅದನ್ನು ನಮ್ಮ ಬೀದರಿನಲ್ಲಿ ಮಾರಿದಾಗ ಅದನ್ನು ಸಾಕಿದ ಖರ್ಚು ಅವನನ್ನು ಹಣ್ಣು ಮಾಡಿತ್ತು. ಇಂದಿನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಜಾತ್ರೆಗೆ 20,000 ಕುದುರೆಗಳವರೆಗೂ ಮಾರಾಟಕ್ಕೆ ಬರುತ್ತಿದ್ದವೆಂದೂ ಅವನೇ ಬರೆದಿದ್ದಾನೆ.

ಹೀಗೆ ಎರಡು ಕಡೆಗೂ ಭಯ. ಮಾರುವವನಿಗೆ ಕಡಲಿನ ಭಯ, ಕೊಳ್ಳುವವನಿಗೆ ಕುದುರೆ ಶತ್ರುವಿನ ಪಾಲಾದೀತೆಂಬ ಭಯ. ಅದರಲ್ಲೂ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನನು 1472ರಲ್ಲಿ ಗೋವೆಯನ್ನು ವಿಜಯನಗರದಿಂದ ಕಿತ್ತುಕೊಂಡ ಮೇಲೆ, ಭಟ್ಕಳ, ಹೊನ್ನಾವರದಂಥ ರೇವುಗಳೇ ವಿಜಯನಗರಕ್ಕೆ ಗತಿಯಾದವು. ಈ ಸನ್ನಿವೇಶದಲ್ಲಿ 1485ರಲ್ಲಿ ಪಟ್ಟಕ್ಕೆ ಬಂದವನು ಸಾಳುವ ನರಸಿಂಹ. ಅವನು ಕುದುರೆ ಕೊಂಡ ಬಗೆಯನ್ನು ಪೋರ್ಚುಗೀಸರ ನ್ಯೂನಿಜ್ ಹೇಳುತ್ತಾನೆ. ನ್ಯೂನಿಜ್ ಕೇವಲ ಪ್ರವಾಸಿಯಲ್ಲ, ಸ್ವತಃ ಕುದುರೆ ವ್ಯಾಪಾರಿ. 1535ರ ಸುಮಾರಿಗೆ ಮೂರು ವರ್ಷ ವಿಜಯನಗರದಲ್ಲಿದ್ದವನು. ಅವನ ಬರಹವನ್ನು ರಾಬರ್ಟ್ ಸೂಯಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ಅದು ಎಲ್ಲರಿಗೂ ದೊರಕುವಂತಾಯಿತು.

ನ್ಯೂನಿಜ್ ಹೇಳುವ ಪ್ರಕಾರ, ಸಾಳುವ ನರಸಿಂಹನು ಹೊರ್ಮುಜ್, ಏಡನ್‌ಗಳಿಂದ ಕುದುರೆ ತರಿಸಿ ವರ್ತಕರು ಕೇಳಿದಷ್ಟು ಕೊಡುತ್ತಿದ್ದನು. ಬದುಕಿರಲಿ ಸತ್ತಿರಲಿ, ಮೂರು ಕುದುರೆಗೆ 1000 ಪರದಾವೊ. ಪರದಾವೊ ಎಂದರೆ ನಮ್ಮ ವರಹವೆಂದು ತಿಳಿಯಬಹುದು. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೂ ಸಾಕು, ಬದುಕಿ ಬಂದಿದ್ದರೆ ಸಲ್ಲುತ್ತಿದ್ದ ಬೆಲೆಯೇ ಸಲ್ಲುತ್ತಿತ್ತು. ಪಾಂಡ್ಯರ ಕಾಲದ ಕರಾರೇ ಎರಡು ಶತಮಾನಗಳ ನಂತರ ಇನ್ನೊಂದು ರೂಪದಲ್ಲಿ ಮರಳಿ ಬಂದಿತ್ತು.

ಪ್ರೌಢಶಾಲೆಯಲ್ಲಿ ನಾನು ಈ ಪ್ರಸಂಗವನ್ನು ಹೇಳುವಾಗಲೆಲ್ಲ ತರಗತಿಯಲ್ಲಿ ನಗೆ ಏಳುತ್ತಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ನಗಲಿಲ್ಲ. ಅವನ ತಂದೆ ಜಾತ್ರೆಗಳಲ್ಲಿ ಎತ್ತಿನ ವ್ಯಾಪಾರ ಮಾಡುವವರು. ಅವನು ಎದ್ದು ನಿಂತು, "ಸಾರ್, ತಂದಿದ್ದು ಯಾವ ಕುದುರೆ ಬಾಲ ಅಂತ ರಾಜನಿಗೆ ಹೆಂಗೆ ಗೊತ್ತಾಗ್ತಿತ್ತು?" ಎಂದು ಕೇಳಿದ. ಇತಿಹಾಸದ ಪ್ರಶ್ನೆಯೆಂದರೆ ಇದು. ಸತ್ತ ಕುದುರೆ ಒಳ್ಳೆಯ ತಳಿಯದೋ ಮುದಿ ಕುದುರೆಯೋ, ಹಡಗು ಹತ್ತುವಾಗಲೇ ಅದಕ್ಕೆ ರೋಗವಿತ್ತೋ ಎಂಬುದನ್ನು ಬಾಲ ಹೇಳುವುದಿಲ್ಲ. ಬಾಲಕ್ಕೆ ಹಲ್ಲೂ ಇಲ್ಲ, ಸುಳಿಯೂ ಇಲ್ಲ.

ಹಾಗಾದರೆ ಸಾಳುವ ನರಸಿಂಹ ದಡ್ಡನೇ? ಖಂಡಿತ ಅಲ್ಲ. ವರ್ತಕನ ಮನಸ್ಸಿನಿಂದ ಕಡಲಿನ ಭಯವನ್ನು ತೆಗೆದುಹಾಕಿದರೆ ಅವನು ಬೇರೆ ರೇವಿಗೆ ಹೋಗದೆ ತನ್ನ ರೇವಿಗೇ ಬರುವನೆಂಬುದು ಅವನ ಲೆಕ್ಕ. ಇಂದು ನಾವು ವಿಮೆಯೆಂದು ಕರೆಯುವುದನ್ನು ಅವನು ಅರಮನೆಯ ಬೊಕ್ಕಸದಿಂದಲೇ ಕೊಡುತ್ತಿದ್ದನು. ಮುಂದೆ ಕೃಷ್ಣದೇವರಾಯನು ತೆಲುಗಿನಲ್ಲಿ ರಚಿಸಿದ 'ಆಮುಕ್ತಮಾಲ್ಯದ'ದ ರಾಜನೀತಿಯ ಭಾಗದಲ್ಲೂ ಇದೇ ವಿವೇಕವಿದೆ. ಆನೆ ಕುದುರೆಗಳನ್ನು ತರುವ ದೂರದೇಶದ ವರ್ತಕರಿಗೆ ಊರು, ಮನೆ, ದಿನನಿತ್ಯದ ದರ್ಶನ, ತಕ್ಕ ಲಾಭಗಳನ್ನು ಕೊಟ್ಟು ತನ್ನವರನ್ನಾಗಿ ಮಾಡಿಕೊಳ್ಳಬೇಕು, ಆಗ ಆ ಸರಕು ಶತ್ರುವಿನ ಕೈ ಸೇರದು ಎಂಬುದು ಅದರ ಅಭಿಪ್ರಾಯ. ಜಗ್ಗದ ಮಾರಾಟಗಾರನನ್ನು ಜಗಳದಿಂದ ಗೆಲ್ಲಲಾಗದು, ಆದರದಿಂದ ಗೆಲ್ಲಬೇಕೆಂದು ರಾಯನು ಬಲ್ಲನು.

ಆದರೆ ಈ ಔದಾರ್ಯಕ್ಕೆ ಹಣವೆಲ್ಲಿಂದ ಬಂತು? ಇದಕ್ಕೂ ನ್ಯೂನಿಜ್ ಉತ್ತರ ಕೊಡುತ್ತಾನೆ. ಅರಸನು ವರ್ಷಕ್ಕೆ ಹೊರ್ಮುಜ್‌ನ ಹಾಗೂ ನಾಡಿನ ಕುದುರೆಗಳನ್ನು ಸೇರಿಸಿ 13,000 ಕೊಳ್ಳುತ್ತಿದ್ದನಂತೆ. ಇದು ವ್ಯಾಪಾರಿ ಹೇಳಿದ ಸಂಖ್ಯೆ, ಸ್ವಲ್ಪ ಉಬ್ಬಿರಬಹುದು. ಅವುಗಳಲ್ಲಿ ಉತ್ತಮವಾದವನ್ನು ತನ್ನ ಲಾಯಕ್ಕೆ ಆರಿಸಿಕೊಂಡು ಉಳಿದವನ್ನು ನಾಯಕರಿಗೆ ಕೊಡುತ್ತಿದ್ದನು, ಬಿಟ್ಟಿಯಾಗಿ ಅಲ್ಲ. ನಾಡಕುದುರೆ ಐದಕ್ಕೆ 1000 ಪರದಾವೊ, ಅಂದರೆ ಒಂದಕ್ಕೆ 200. ಸೆಪ್ಟೆಂಬರ್ ತಿಂಗಳೊಳಗೆ ನಾಯಕರು ಹಣ ಕಟ್ಟಬೇಕು. ಆ ಹಣದಿಂದಲೇ ಪೋರ್ಚುಗೀಸರ ಅರಬ್ಬಿ ಕುದುರೆಗಳ ಬೆಲೆ ಸಂದಾಯವಾಗುತ್ತಿತ್ತು. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗುತ್ತಿರಲಿಲ್ಲ. ಇದೇ ನ್ಯೂನಿಜ್ ಬೇರೊಂದು ಮಾತಿನಲ್ಲಿ, ಅರಸನು ನಾಡಕುದುರೆಗಳನ್ನು ಹನ್ನೆರಡು ಹದಿನೈದಕ್ಕೆ 1000 ಪರದಾವೊಗಳಂತೆ ಕೊಳ್ಳುತ್ತಿದ್ದನೆಂದೂ ಹೇಳುತ್ತಾನೆ. ಕೊಂಡದ್ದು ಒಂದಕ್ಕೆ 67ರಿಂದ 83, ನಾಯಕರಿಗೆ ಹಚ್ಚಿದ್ದು 200!

ನಾಯಕರೇನು ತಮ್ಮ ಮನೆಯ ಗಂಟನ್ನು ಬಿಚ್ಚಿದರೇ? ಅವರಿಗೆ ಹಣ ಬರುತ್ತಿದ್ದುದು ತಮ್ಮ ಸೀಮೆಯ ಭೂಮಿಯ ಕಂದಾಯದಿಂದ. ನಮ್ಮ ಚಿಕ್ಕನಾಯಕನಹಳ್ಳಿಗೆ ಹೆಸರು ಕೊಟ್ಟವರೂ ಹಾಗಲವಾಡಿಯ ನಾಯಕ ಮನೆತನದವರೇ ಎಂಬುದನ್ನು ನೆನೆದರೆ, ಇಂಥ ನಾಯಕರ ಆಳ್ವಿಕೆ ನಮಗೆ ಅಪರಿಚಿತವಲ್ಲ. ಅಂದರೆ ಕಡಲಿನಲ್ಲಿ ಸತ್ತ ಕುದುರೆಯ ನಷ್ಟ ವರ್ತಕನಿಂದ ಅರಸನಿಗೆ, ಅರಸನಿಂದ ನಾಯಕನಿಗೆ, ನಾಯಕನಿಂದ ರಾಗಿ ಹುರುಳಿ ಬೆಳೆಯುವ ಒಕ್ಕಲಿಗೆ ಇಳಿದುಬರುತ್ತಿತ್ತು. ಸಮುದ್ರವನ್ನೇ ಕಂಡಿರದ ರೈತನು ಸಮುದ್ರದ ಬಿರುಗಾಳಿಗೆ ದಂಡ ತೆತ್ತನು.

ಹುಡುಗನ ಪ್ರಶ್ನೆಗೂ ನ್ಯೂನಿಜನ ಬರಹದಲ್ಲೇ ಒಂದು ವಿಚಿತ್ರ ಉತ್ತರವಿದೆ. ಅರಸನು ತನ್ನ ಸವಾರರಿಗೆ ಕೊಡುವ ಪ್ರತಿಯೊಂದು ಕುದುರೆಗೂ ಮುದ್ರೆ ಒತ್ತಿಸುತ್ತಿದ್ದನು. ಆ ಕುದುರೆ ಸತ್ತರೆ ಮುದ್ರೆಯಿರುವ ಚರ್ಮದ ತುಂಡನ್ನು ಕೊಯ್ದು ತಂದು ಲಾಯದ ಮುಖ್ಯಾಧಿಕಾರಿಗೆ ಒಪ್ಪಿಸಬೇಕು, ಆಗಲೇ ಬೇರೆ ಕುದುರೆ. ಅರಮನೆಯವರಿಗೆ ಸಾಕ್ಷ್ಯದ ಬೆಲೆ ತಿಳಿದಿತ್ತು ಎಂದಾಯಿತು! ತನ್ನ ಸೇವಕನಿಂದ ಮುದ್ರೆಯ ಚರ್ಮವನ್ನು ಕೇಳಿದ ಅರಮನೆ, ಕಡಲಾಚೆಯ ವರ್ತಕನಿಂದ ಬರೀ ಬಾಲಕ್ಕೆ ತೃಪ್ತಿಪಟ್ಟಿತ್ತು. ಯಾರ ಅಗತ್ಯ ಹೆಚ್ಚೋ ಅವರ ಬಾಯಿ ಕಟ್ಟಿರುತ್ತದೆ.

1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಗೆದ್ದ ಮೇಲೆ ಮಾರುವವನ ಬಿಗಿ ಇನ್ನಷ್ಟು ಹೆಚ್ಚಿತು. ಕಡಲಿನಲ್ಲಿ ಪೋರ್ಚುಗೀಸರ ಯುದ್ಧನೌಕೆಗಳು ತಿರುಗುತ್ತಿದ್ದವು. ಕುದುರೆಯ ಹಡಗುಗಳೆಲ್ಲ ಗೋವೆಯಲ್ಲೇ ಇಳಿಯಬೇಕೆಂಬುದು ಅವರ ಹಟ. ಹಲವು ಬಾಗಿಲುಗಳಿದ್ದ ವ್ಯಾಪಾರಕ್ಕೆ ಒಂದೇ ಬಾಗಿಲು ಉಳಿಯತೊಡಗಿತು. 1514ರಲ್ಲಿ ಕೃಷ್ಣದೇವರಾಯನು ಕುದುರೆಗಳನ್ನೆಲ್ಲ ತನಗೊಬ್ಬನಿಗೇ ಮಾರಬೇಕೆಂದು ದೊಡ್ಡ ಮೊತ್ತವನ್ನು ಮುಂದಿಟ್ಟನು. ಆಲ್ಬುಕರ್ಕ್ ಒಪ್ಪಲಿಲ್ಲ. ರಾಯನು ಮತ್ತೆ ಕೇಳಿಸಿದನು. ಸುದ್ದಿ ತಿಳಿದ ಬಿಜಾಪುರದ ಆದಿಲಶಾಹನೂ ಗೋವೆಗೆ ದೂತರನ್ನು ಅಟ್ಟಿದನು. ಆಗ ಆಲ್ಬುಕರ್ಕ್ ಮಾಡಿದ್ದೇನು? ವರ್ಷಕ್ಕೆ 30,000 ಕ್ರುಸಾಡೊ ಕೊಟ್ಟು, ತನ್ನ ಆಳುಗಳನ್ನು ಗೋವೆಗೆ ಕಳುಹಿಸಿ ಒಯ್ದರೆ ಕುದುರೆಗಳೆಲ್ಲ ನಿನಗೇ ಎಂದು ವಿಜಯನಗರಕ್ಕೆ ಬರೆದನು. ಗೋವೆಯ ಎದುರಿನ ನೆಲವನ್ನು ಬಿಟ್ಟುಕೊಟ್ಟರೆ ಕುದುರೆಗಳೆಲ್ಲ ನಿನಗೇ ಎಂದು ಬಿಜಾಪುರಕ್ಕೂ ಬರೆದನು. ಒಂದೇ ಕುದುರೆಯನ್ನು ಇಬ್ಬರಿಗೆ ತೋರಿಸಿ ಬೆಲೆ ಏರಿಸುವ ತಂತ್ರವನ್ನು ನಮ್ಮ ಜಾತ್ರೆಯ ದಲ್ಲಾಳಿಗಳು ಇವನಿಂದ ಕಲಿತರೋ ಏನೋ! ಮಾತು ಇತ್ಯರ್ಥವಾಗುವ ಮೊದಲೇ, 1515ರ ಡಿಸೆಂಬರಿನಲ್ಲಿ, ಆಲ್ಬುಕರ್ಕ್ ತೀರಿಕೊಂಡನು.

ದೂರದ ವ್ಯಾಪಾರದಲ್ಲಿ ಮಾರುವವನಷ್ಟೇ ಅಲ್ಲ, ನಡುವಿನವನೂ ಕೈಕೊಡಬಲ್ಲನು. ನ್ಯೂನಿಜ್ ಹೇಳುವಂತೆ, ಕೃಷ್ಣದೇವರಾಯನು ತನ್ನಲ್ಲಿ ಬಹುಕಾಲ ಸೇವೆಯಲ್ಲಿದ್ದ ಸಿದಿ ಮರ್ಕಾರ್ ಎಂಬವನ ಕೈಗೆ 40,000 ಪರದಾವೊಗಳನ್ನು ಕೊಟ್ಟು, ಕುದುರೆ ಕೊಂಡುತರಲು ಗೋವೆಗೆ ಕಳುಹಿಸಿದನು. ಅವನು ಗೋವೆಯ ಸಮೀಪದ ಪೋಂಡಾದವರೆಗೆ ಹೋಗಿ ಅಲ್ಲಿಂದ ಹಣದ ಸಮೇತ ಆದಿಲಶಾಹನ ಆಶ್ರಯಕ್ಕೆ ಓಡಿಹೋದನು. ಅವನನ್ನೂ ಹಣವನ್ನೂ ಒಪ್ಪಿಸಬೇಕೆಂದು ರಾಯನು ಬರೆದರೆ, ಆದಿಲಶಾಹನು ಅವನಿಗೆ ದಾಭೋಳವನ್ನು ಉಂಬಳಿಯಾಗಿ ಕೊಟ್ಟನು. ಇದೇ ನೆಪವಾಗಿ 1520ರ ರಾಯಚೂರಿನ ಯುದ್ಧ ನಡೆಯಿತೆಂಬುದು ನ್ಯೂನಿಜನ ಕಥನ. ಕೃಷ್ಣಾ ತುಂಗಭದ್ರೆಗಳ ನಡುವಣ ಆ ನೆಲಕ್ಕಾಗಿ ಹಗೆತನ ಹಳೆಯದು, ಯುದ್ಧಕ್ಕೆ ಆಳವಾದ ಕಾರಣಗಳಿದ್ದವು. ಆದರೂ ಕುದುರೆಯ ಮುಂಗಡ ಹಣವೊಂದು ಅಷ್ಟು ದೊಡ್ಡ ಕಾಳಗಕ್ಕೆ ಕಿಡಿಯಾಯಿತೆಂಬುದು ನೆನಪಿಡತಕ್ಕ ಸಂಗತಿ.

ಬಯಸಿದ ಏಕಸ್ವಾಮ್ಯವು ವಿಜಯನಗರಕ್ಕೆ ಕೊನೆಗೂ ದೊರೆತದ್ದು 1547ರಲ್ಲಿ. ಸದಾಶಿವರಾಯನ ಹೆಸರಿನಲ್ಲಿ ಗೋವೆಯ ಜೊವಾವ್ ದೆ ಕಾಸ್ಟ್ರೊನೊಡನೆ ಆದ ಒಪ್ಪಂದದ ಪ್ರಕಾರ, ಗೋವೆಯಲ್ಲಿಳಿದ ಅರಬ್ಬಿ, ಪರ್ಷಿಯನ್ ಕುದುರೆಗಳನ್ನು ಕೊಳ್ಳುವ ಹಕ್ಕು ವಿಜಯನಗರದ್ದಾಯಿತು, ಬಿಜಾಪುರಕ್ಕೆ ನಿಷೇಧವಾಯಿತು. ಆದರೆ 1565ರಲ್ಲಿ ತಾಳಿಕೋಟೆಯ ಕದನದಲ್ಲಿ ವಿಜಯನಗರವೇ ಕುಸಿದುಬಿದ್ದಿತು. ದೊಡ್ಡ ಗಿರಾಕಿಯನ್ನು ಕಳೆದುಕೊಂಡ ಗೋವೆಯ ಕುದುರೆ ವ್ಯಾಪಾರವೂ ಸುಂಕದ ಆದಾಯವೂ ಕುಗ್ಗಿದವೆಂದು ಆ ಕಾಲದ ಯುರೋಪಿಯನ್ನರೇ ಹಲುಬಿದ್ದಾರೆ. ಕೊಳ್ಳುವವನನ್ನು ಹಿಂಡಿದ ಮಾರಾಟಗಾರನಿಗೂ ಅವನಿಲ್ಲದೆ ಬಾಳಿರಲಿಲ್ಲ.

ಈ ಕಟ್ಟಿನಿಂದ ಬಿಡಿಸಿಕೊಳ್ಳುವ ದಾರಿ ಯಾವುದು? ತನ್ನ ನೆಲದಲ್ಲೇ ತಳಿ ಬೆಳೆಸುವುದು. ದನಗಳ ವಿಷಯದಲ್ಲಿ ಮೈಸೂರು ಅರಸರು ಇದನ್ನು ಮಾಡಿ ತೋರಿಸಿದರು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಆಯಿತು. ನಮ್ಮ ಸೀಮೆಯ ಕಾವಲುಗಳಲ್ಲಿ ಮೇಯ್ದ ಆ ತಳಿಯ ಎತ್ತುಗಳು ತೋಪಿನ ಬಂಡಿಗಳನ್ನೆಳೆದು ಹೆಸರು ಮಾಡಿದವು. ಕುದುರೆಯ ವಿಷಯದಲ್ಲಿ ತುರುವೇಕೆರೆಯಿಂದ ಬೆಂಗಳೂರಿನ ಕಡೆ ಹೋಗುವಾಗ ಸಿಗುವ ಕುಣಿಗಲ್ಲಿನ ಕುದುರೆ ಫಾರಂ ಪ್ರಸಿದ್ಧ. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕಾಗಿ ಆರಂಭವಾಯಿತೆನ್ನುವ ಆ ನೆಲದಲ್ಲಿ ಮುಂದೆ ಪಂದ್ಯದ ಕುದುರೆಗಳ ಮರಿಗಳು ಬೆಳೆದವು. ನಮ್ಮ ನೆಲದಲ್ಲಿ ಒಳ್ಳೆಯ ಮರಿ ಹುಟ್ಟದೆಂಬ ಮಾರ್ಕೊ ಪೋಲೊವಿನ ಮಾತಿಗೆ ನಮ್ಮ ತುಮಕೂರು ಜಿಲ್ಲೆಯೇ ಉತ್ತರ ಕೊಟ್ಟಿತು. ಪೋಲೊವಿನ ಕಾಲದಲ್ಲಿ ವರ್ತಕರು ಬಚ್ಚಿಟ್ಟ ವಿದ್ಯೆ ಕೈಗೆ ಬಂದ ಮೇಲೆ ಮಣ್ಣಿನ ದೋಷ ಅಷ್ಟು ದೊಡ್ಡದಾಗಿ ಉಳಿಯಲಿಲ್ಲ.

ಇಂದು ಪಂದ್ಯದ ಕುದುರೆಯ ಎಳೆಯ ಮರಿಯನ್ನು ದೂರದಿಂದ ಕೊಳ್ಳುವವನಿಗೆ ಬಾಲ ನೋಡಿ ಹಣ ಕೊಡುವ ಗತಿಯಿಲ್ಲ. ಇಂಗ್ಲೆಂಡಿನಲ್ಲಿ 1791ರಲ್ಲಿ ಜೇಮ್ಸ್ ವೆದರ್‌ಬಿ ಕುದುರೆಗಳ ವಂಶಾವಳಿಯ ಪುಸ್ತಕವನ್ನು ಪ್ರಕಟಿಸಿದಂದಿನಿಂದ ತಂದೆ ತಾಯಿಯರ ದಾಖಲೆಯಿಲ್ಲದ ಕುದುರೆಗೆ ಆ ಸಾಲಿನಲ್ಲಿ ಸ್ಥಾನವಿಲ್ಲ. ನಮ್ಮ ದೇಶದ ಮರಿಗಳೂ ಪುಣೆಯಲ್ಲಿರುವ ವಂಶಾವಳಿ ಕಚೇರಿಯಲ್ಲಿ ನೋಂದಾಯಿತವಾಗುತ್ತವೆ. ಚರ್ಮದ ಕೆಳಗೆ ಚಿಪ್ಪು ಇರುತ್ತದೆ, ತಂದೆತಾಯಿಯ ಖಚಿತತೆಗೆ ಡಿಎನ್‌ಎ ಪರೀಕ್ಷೆ ಇರುತ್ತದೆ, ಪ್ರಯಾಣಕ್ಕೆ ವಿಮೆ ಇರುತ್ತದೆ. ಗುರುತಿನ ಚೀಟಿಯಲ್ಲಿ ಕುದುರೆಯ ಚಿತ್ರ ಬರೆದು, ಮೈಮೇಲಿನ ಸುಳಿಗಳು ಎಲ್ಲೆಲ್ಲಿವೆಯೆಂದು ಗುರುತು ಮಾಡುವುದೂ ಉಂಟು. ಎರಡು ಕುದುರೆಗಳ ಸುಳಿ ಒಂದೇ ಬಗೆಯಾಗಿರುವುದು ಅಪರೂಪವೆಂಬುದು ಅದಕ್ಕೆ ಕಾರಣ. ನಮ್ಮ ರೈತನು ಸುಳಿಯಲ್ಲಿ ಶುಭಾಶುಭವನ್ನು ಹುಡುಕಿದನು, ಅಧಿಕಾರಿಗಳು ಅದರಲ್ಲಿ ಗುರುತನ್ನು ಕಂಡರು. ಕಣ್ಣು ಮಾತ್ರ ಇಬ್ಬರದೂ ಒಂದೇ ಕಡೆಗೆ ಹೋಯಿತು.

ತಿಪಟೂರಿನ ಉಂಡೆ ಕೊಬ್ಬರಿಯನ್ನು ಉತ್ತರ ಭಾರತದ ವರ್ತಕನು ಕಾಣದೆಯೇ ಕೊಳ್ಳುತ್ತಾನೆ. ಆ ವ್ಯಾಪಾರ ನಡೆದುಬಂದಿರುವುದು ನಡುವೆ ಮಾರುಕಟ್ಟೆಯ ಹರಾಜು, ತೂಕ, ಬಿಲ್ಲುಗಳಿರುವುದರಿಂದ. ನಾಳೆಯೂ ಇಲ್ಲೇ ಸಿಗುವ ದಲ್ಲಾಳಿ ಇರುವುದರಿಂದ. ಕಾಣದ ವಸ್ತುವಿನ ವ್ಯಾಪಾರಕ್ಕೆ ಬೇಕಾದದ್ದು ಬೆಲೆಯ ಚೌಕಾಸಿಗಿಂತ ಹೆಚ್ಚಾಗಿ ಕೆಲವು ಪ್ರಶ್ನೆಗಳಿಗೆ ಉತ್ತರ. ದಾರಿಯ ನಷ್ಟ ಯಾರದು? ಇದೇ ಪ್ರಾಣಿ ಎಂಬುದಕ್ಕೆ ಗುರುತೇನು? ನಡುವಿನವನು ಯಾರ ಕಡೆಯವನು? ಇವನು ಕೊಡದಿದ್ದರೆ ಬೇರೆ ಬಾಗಿಲಿದೆಯೇ?

ಈಗ ನಮ್ಮೂರ ಹುಡುಗರು ಮೊಬೈಲಿನಲ್ಲಿ ವಿಡಿಯೊ ನೋಡಿ ದೂರದ ಜಿಲ್ಲೆಯ ಹಸುವಿಗೆ ಮುಂಗಡ ಕಳಿಸುತ್ತಿದ್ದಾರೆ. ಕಾಲ ಬದಲಾಗಿದೆ, ಬೇಡವೆನ್ನಲು ನಾನು ಯಾರು? ಆದರೆ ಹಣ ಕಳಿಸುವ ಮೊದಲು ಆ ನಾಲ್ಕು ಪ್ರಶ್ನೆಗಳನ್ನು ಕೇಳಿರಪ್ಪಾ ಎಂದು ಹೇಳುತ್ತಿರುತ್ತೇನೆ. ವಿಜಯನಗರದ ಬೊಕ್ಕಸಕ್ಕೆ ನಷ್ಟ ಇಳಿಸಲು ಕೆಳಗೆ ನಾಯಕರಿದ್ದರು, ನಾಯಕರ ಕೆಳಗೆ ಒಕ್ಕಲಿದ್ದಿತು. ಇವರ ಕೆಳಗೆ ಯಾರೂ ಇಲ್ಲ.